ಬೋರ್ಡಿನ ಕೆಳಗೆ ಬಿಟ್ಟ ಮೀನು

ಆ ಊರಿನ ಜನ ಬೀದಿಯಲ್ಲಿ ಏನನ್ನು ಓದಿದರೂ ಅದು ಬೋರ್ಡಣ್ಣ ಬರೆದದ್ದೇ ಆಗಿರುತ್ತಿತ್ತು. ಹಲ್ಲಿನ ಡಾಕ್ಟರು ಎಷ್ಟು ಗಂಟೆಗೆ ಬರುತ್ತಾರೆ, ಯಾವ ಗೇಟಿನ ಹಿಂದೆ ಕಚ್ಚುವ ನಾಯಿ ಇದೆ, ಯಾವ ಗೋಡೆಗೆ ಏನನ್ನು ಅಂಟಿಸಬಾರದು, ಇಷ್ಟೂ ಜ್ಞಾನ ಊರಿಗೆ ಇಳಿದು ಬಂದದ್ದು ಅವನ ಬ್ರಷ್ಷಿನ ತುದಿಯಿಂದ. ಅದರಲ್ಲಿ ಒಂದು ಹನಿಯೂ ಅವನ ಮೈಗೆ ತಾಗಿರಲಿಲ್ಲ ಎಂಬುದೇ ವಿಶೇಷ. ಇಪ್ಪತ್ತೆರಡು ವರ್ಷದಿಂದ ಬೋರ್ಡು ಬರೆಯುತ್ತಿದ್ದ ಆ ಮಹಾನುಭಾವ ತಾನು ಬರೆದ ಒಂದು ಬೋರ್ಡನ್ನೂ ಓದಿರಲಿಲ್ಲ.

ಓದು ಬರುತ್ತಿರಲಿಲ್ಲ ಎಂದಲ್ಲ. ಬೆಳಿಗ್ಗೆ ಪೇಪರು ಹಿಡಿದರೆ ನಿಧನ ವಾರ್ತೆಯವರೆಗೂ ಬಿಡುತ್ತಿರಲಿಲ್ಲ. ಆದರೆ ಕೈಗೆ ಬ್ರಷ್ಷು ಬಂತೋ, ಅಕ್ಷರಗಳು ತಮ್ಮ ಅರ್ಥವನ್ನು ಅಂಗಿಯ ಹಾಗೆ ಕಳಚಿಟ್ಟು ಬರೀ ಆಕಾರವಾಗಿ ನಿಂತುಬಿಡುತ್ತಿದ್ದವು. ‘ಎಚ್ಚರಿಕೆ’ ಎಂದರೆ ಅವನಿಗೆ ನಾಲ್ಕು ಅಕ್ಷರ, ಒಂದು ಒತ್ತು. ‘ಅಪಾಯ’ ಎಂದರೆ ಕೊನೆಯಲ್ಲಿ ಒಂದು ಸೊಗಸಾದ ಯಕಾರ. ಪುರಸಭೆ ಕಚೇರಿಗೆ ಕೆಲಸ ಕೇಳಲು ಹೋದಾಗಲೆಲ್ಲ ಅವನು ಪಕ್ಕದ ಗೋಡೆಯ ಮೇಲೆ ತಾನೇ ಬರೆದಿದ್ದ ಒಂದು ನೀಲಿ ಬೋರ್ಡಿನ ಮುಂದೆ ಎರಡು ನಿಮಿಷ ನಿಲ್ಲುತ್ತಿದ್ದ. ಅದರಲ್ಲಿ ಎರಡು ‘ಲ್ಲಿ’ಗಳು ಅಣ್ಣತಮ್ಮಂದಿರ ಹಾಗೆ ಒಂದೇ ಅಚ್ಚಿನಲ್ಲಿ ಬಿದ್ದಿದ್ದವು. ಕಣ್ತುಂಬ ನೋಡಿ, ಸೈಕಲನ್ನು ಅದರ ಕೆಳಗೇ ಒರಗಿಸಿ, ಒಳಗೆ ಹೋಗುತ್ತಿದ್ದ.

ಇಂಥ ನಿರಪಾಯ ಮನುಷ್ಯ ಕಾನೂನಿನ ಬಾಯಿಗೆ ಬಿದ್ದದ್ದು ಒಂದು ಮೀನಿನಿಂದ.

ಮೀನು ಅವನದಲ್ಲ, ಷಡ್ಡಕನದು. ಬೇರೆ ಊರಿಗೆ ವರ್ಗವಾದಾಗ ಆತ ಗಾಜಿನ ತೊಟ್ಟಿಯ ಸಮೇತ ತಂದು, “ಎರಡೇ ತಿಂಗಳು ಅಣ್ಣ, ಮನೆ ಸಿಕ್ಕಿದ ತಕ್ಷಣ ತಗೊಂಡು ಹೋಗ್ತೀನಿ” ಎಂದು ಇಟ್ಟು ಹೋಗಿದ್ದ. ಆಗ ಅದು ಬೆರಳುದ್ದ, ಬಿಳಿಯ ಮೈ, ಮೇಲೆ ಯಾರೋ ಕೆಂಪು ಬಣ್ಣ ಚೆಲ್ಲಿದಂಥ ಮಚ್ಚೆ. ಎರಡು ವರ್ಷದಲ್ಲಿ ಷಡ್ಡಕನಿಗೆ ಮನೆ ಸಿಗಲಿಲ್ಲ, ಮೀನಿಗೆ ತೊಟ್ಟಿ ಸಾಲಲಿಲ್ಲ. ತೊಟ್ಟಿಯಿಂದ ಬಕೆಟ್ಟಿಗೆ, ಬಕೆಟ್ಟಿನಿಂದ ಬಟ್ಟೆ ನೆನೆಸುವ ದೊಡ್ಡ ಟಬ್ಬಿಗೆ ಬಡ್ತಿ ಪಡೆದು, ಈಗ ಮೊಳದುದ್ದ ಬೆಳೆದು, ಜಗಲಿಯಲ್ಲಿ ಬೋರ್ಡಣ್ಣನ ಕೆಲಸದ ಮೇಜಿನ ಪಕ್ಕದಲ್ಲೇ ಬಿಡಾರ ಹೂಡಿತ್ತು. ಅವನ ಹೆಂಡತಿ ಅದಕ್ಕೆ ‘ಮನೆಅಳಿಯ’ ಎಂದು ಹೆಸರಿಟ್ಟಿದ್ದಳು.

“ನಿಜವಾದ ಮನೆಅಳಿಯನೇ ವಾಸಿ” ಎಂದಳು ಒಂದು ದಿನ, ಒದ್ದೆ ಬಟ್ಟೆಯ ಗಂಟು ಕಂಕುಳಲ್ಲಿ ಇಟ್ಟುಕೊಂಡು. “ತಿಂದ ಮೇಲೆ ತಟ್ಟೆನಾದ್ರೂ ಎತ್ತಿಡ್ತಾನೆ. ಇವನು ನನ್ನ ಟಬ್ಬಲ್ಲೇ ತಿಂದು, ನನ್ನ ಟಬ್ಬಲ್ಲೇ ಮಲಗಿ, ನನ್ನನ್ನೇ ದುರುಗುಟ್ಟಿಕೊಂಡು ನೋಡ್ತಾನೆ.”

“ಮೂಕಪ್ರಾಣಿ ಕಣೇ.”

“ಮೂಕ ಸರಿ, ಕಿವುಡೇನಲ್ಲ. ಸಾಯಂಕಾಲ ನೀವು ಬ್ರಷ್ಷು ತೊಳೆದು ಡಬ್ಬದ ಅಂಚಿಗೆ ಮೂರು ಸಲ ಬಡಿದ್ರೆ ಸಾಕು, ಕಾಳು ಬೀಳುತ್ತೆ ಅಂತ ಬಾಯಿ ತೆರ್ಕೊಂಡು ಮೇಲೆ ಬರ್ತಾನೆ. ನಾನು ಮೂವತ್ತು ಸಲ ಕರೆದ್ರೂ ನೀವು ಬರಲ್ಲ. ಭಾನುವಾರದೊಳಗೆ ಟಬ್ಬು ಖಾಲಿ ಆಗ್ಬೇಕು ನೋಡಿ.”

ಬೇರೆ ಯಾರಾದರೂ ಆಗಿದ್ದರೆ ಸದ್ದಿಲ್ಲದೆ ಆ ಕೆಲಸ ಮುಗಿಸಿಬಿಡುತ್ತಿದ್ದರು. ಬೋರ್ಡಣ್ಣ ಕಲಾವಿದ. ಭಾನುವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬಾಚಿದ ತಲೆಯನ್ನು ಇನ್ನೊಮ್ಮೆ ಬಾಚಿ, ಮುಚ್ಚಳವಿದ್ದ ದೊಡ್ಡ ಬಕೆಟ್ಟಿನಲ್ಲಿ ಮೀನನ್ನು ಹೊತ್ತು, ಊರ ನಡುವಿನ ಕೊಳಕ್ಕೆ ಅದೂ ನಡಿಗೆ ಸಂಘದವರೆಲ್ಲ ಸೇರುವ ಹೊತ್ತಿಗೆ ಸರಿಯಾಗಿ ಹೋದ.

ಸಂಘದ ಅಧ್ಯಕ್ಷರು ನಿವೃತ್ತ ಹೆಡ್‌ಮೇಷ್ಟ್ರು. ನಿವೃತ್ತಿಯಾಗಿ ಆರು ವರ್ಷ ಆಗಿದ್ದರೂ ಭಾಷಣ ಇನ್ನೂ ಸೇವೆಯಲ್ಲಿತ್ತು.

“ಬಂಧುಗಳೇ, ಇವತ್ತು ಒಂದು ಜೀವ ಗಾಜಿನ ಸೆರೆಯಿಂದ…”

“ಗಾಜಲ್ಲ ಸಾರ್, ಪ್ಲಾಸ್ಟಿಕ್ಕು” ಎಂದ ಬೋರ್ಡಣ್ಣ ಮೆಲ್ಲಗೆ.

“…ಪ್ಲಾಸ್ಟಿಕ್ಕಿನ ಸೆರೆಯಿಂದ ಬಿಡುಗಡೆ ಹೊಂದುತ್ತಿದೆ! ನಮ್ಮ ನಡುವೆ ಇಂಥ ಕರುಣಾಳು ಇದ್ದಾರೆ ಅಂತ ನಮಗೇ ಗೊತ್ತಿರಲಿಲ್ಲ!”

ಕರುಣಾಳುವಿಗೂ ಅದುವರೆಗೆ ಗೊತ್ತಿರಲಿಲ್ಲ. ಕಣ್ಣಲ್ಲಿ ನೀರು ಬಂತು. ಬಕೆಟ್ಟು ಬಗ್ಗಿಸಿದ. ಕೆಂಪು ಮಚ್ಚೆ ಒಮ್ಮೆ ಮಿಂಚಿ, ಹಿಂತಿರುಗಿ ಕೂಡ ನೋಡದೆ ಪಾಚಿಯ ಕಡೆಗೆ ಹೋಯಿತು. ಚಪ್ಪಾಳೆ. ವಾರಪತ್ರಿಕೆಯ ವರದಿಗಾರ, “ಅಣ್ಣಾ, ಆ ಬೋರ್ಡಿಗೆ ಒಂಚೂರು ಒರಗಿ ನಿಂತ್ಕೊಳ್ಳಿ, ಬೆಳಕು ಚೆನ್ನಾಗಿದೆ” ಎಂದ. ಮೆಟ್ಟಿಲ ಪಕ್ಕದ ಬೋರ್ಡು ಎರಡು ವಾರದ ಹಿಂದೆ ಬೋರ್ಡಣ್ಣನೇ ಬರೆದದ್ದು. ಅವನು ಒಂದು ಕೈಯನ್ನು ಬೋರ್ಡಿನ ನೆತ್ತಿಯ ಮೇಲಿಟ್ಟು, ಇನ್ನೊಂದರಲ್ಲಿ ಖಾಲಿ ಬಕೆಟ್ಟು ಹಿಡಿದು ನಕ್ಕ.

ಫೋಟೋ ಬುಧವಾರ ಬಂತು. ಮೇಲೆ ‘ಮೂಕಜೀವಿಗೆ ಮುಕ್ತಿ ನೀಡಿದ ಕುಂಚ’ ಎಂಬ ತಲೆಬರಹ. ಹೆಂಡತಿ ಅದನ್ನು ಕತ್ತರಿಸಿ ಕನ್ನಡಿಗೆ ಅಂಟಿಸಿದಳು. ಅವಳೂ ತಲೆಬರಹವನ್ನಷ್ಟೇ ಓದಿದಳು.

ಮುಂದಿನ ಭಾನುವಾರ ಕೊಳದ ದಂಡೆಯಲ್ಲಿ ಸಾಲು ನಿಂತಿತ್ತು. ಊರಿನಲ್ಲಿ ಇಷ್ಟೊಂದು ಜನಕ್ಕೆ ಮನೆಯ ಮೀನು ಬೇಡವಾಗಿತ್ತೆಂದು ಯಾರೂ ಎಣಿಸಿರಲಿಲ್ಲ. ಬಾಟಲಿಯಲ್ಲಿ, ಚೊಂಬಿನಲ್ಲಿ, ಪ್ಲಾಸ್ಟಿಕ್ ಚೀಲದಲ್ಲಿ ಮೀನು ಹಿಡಿದು ಹದಿನೇಳು ಜನ ಕರುಣಾಳುಗಳು. ಒಬ್ಬರ ಕೈಯಲ್ಲಿ ಆಮೆ. ಮೇಷ್ಟ್ರು ಬೋರ್ಡಣ್ಣನಿಗೆ ಕುರ್ಚಿ ಹಾಕಿಸಿದ್ದರು. “ಬಂಧುಗಳೇ” ಎಂದು ಅವರು ಬಾಯಿ ತೆರೆದದ್ದೇ ತಡ, ಮೊಣಕಾಲಿನವರೆಗೆ ರಬ್ಬರ್ ಬೂಟು ತೊಟ್ಟ ಒಬ್ಬ ಹೆಂಗಸು ಮೆಟ್ಟಿಲಿಳಿದು ಬಂದರು. ಮೀನುಗಾರಿಕೆ ಇಲಾಖೆಯ ಇನ್ಸ್‌ಪೆಕ್ಟರು. ಒಂದು ಕೈಯಲ್ಲಿ ಫೈಲು, ಇನ್ನೊಂದರಲ್ಲಿ ಬುಧವಾರದ ಪತ್ರಿಕೆ.

“ಏನಿದು ಸಾಲು?”

“ವಾಕಿಂಗು ಮೇಡಂ” ಎಂದ ಮೊದಲನೆಯವನು, ಬಾಟಲಿಯನ್ನು ಬೆನ್ನ ಹಿಂದೆ ಸರಿಸಿ.

“ಸಾಲಾಗಿ ನಿಂತ್ಕೊಂಡು ವಾಕಿಂಗಾ? ಬಾಟಲಿ ಯಾಕೆ?”

“ಬಾಯಾರಿಕೆ ಆದ್ರೆ ಅಂತ…”

“ಅದರಲ್ಲಿ ಮೀನು ಓಡಾಡ್ತಿದೆ.”

ಆತ ಬಾಟಲಿ ಮುಂದೆ ತಂದು, ಬಿಸಿಲಿಗೆ ಹಿಡಿದು, ತನಗೂ ಈಗಲೇ ಗೊತ್ತಾಯಿತು ಎಂಬಂತೆ ಹುಬ್ಬೇರಿಸಿದ.

“ಇಷ್ಟು ಜನ ಇದ್ದೀರಿ, ಈ ಬೋರ್ಡಲ್ಲಿ ಏನಿದೆ ಅಂತ ಒಬ್ಬರಾದ್ರೂ ಓದಿದ್ದೀರಾ?” ಎಂದರು ಇನ್ಸ್‌ಪೆಕ್ಟರು.

ಎಲ್ಲರೂ ತಂತಮ್ಮ ಬಾಟಲಿ, ಚೊಂಬುಗಳನ್ನು ನೋಡಿಕೊಂಡರು. ಕೊನೆಗೆ, ಮೂರು ವಾರದಿಂದ ದಿನಾ ಆ ಬೋರ್ಡನ್ನು ನಾಲ್ಕು ಸುತ್ತು ಹಾಕುತ್ತಿದ್ದ ಮೇಷ್ಟ್ರು ಗಂಟಲು ಸರಿಮಾಡಿಕೊಂಡು, “ಅಕ್ಷರ ತುಂಬ ದುಂಡಾಗಿದೆ” ಎಂದರು.

ಇನ್ಸ್‌ಪೆಕ್ಟರು ತಾವೇ ಓದಿದರು, ಒಂದೊಂದು ಪದಕ್ಕೂ ಮೊಳೆ ಹೊಡೆಯುವ ಹಾಗೆ: “ಈ ಕೊಳಕ್ಕೆ ಹೊರಗಿನ ಯಾವುದೇ ಮೀನನ್ನು ಅನುಮತಿಯಿಲ್ಲದೆ ಬಿಡುವುದು ಶಿಕ್ಷಾರ್ಹ ಅಪರಾಧ.”

ಸಾಲು ಹಿಂದಿನಿಂದ ಕರಗತೊಡಗಿತು. ಆಮೆಯವರು ಎಲ್ಲರಿಗಿಂತ ಮೊದಲು ಕಾಣೆಯಾದರು. ಕುರ್ಚಿಯ ಮೇಲೆ ಬೋರ್ಡಣ್ಣನೊಬ್ಬನೇ ಉಳಿದ. ಮೇಷ್ಟ್ರು ಕುರ್ಚಿಯಿಂದ ಎರಡು ಹೆಜ್ಜೆ ದೂರ ಸರಿದು, “ನಾನು ಅವತ್ತೇ ಅಂದ್ಕೊಂಡೆ” ಎಂದು ಕೊಳಕ್ಕೆ ಹೇಳಿದರು.

ಸೋಮವಾರ ನೋಟೀಸು ಬಂತು. ‘ತಾವು ಸಾರ್ವಜನಿಕ ಜಲಮೂಲಕ್ಕೆ ಅನ್ಯ ತಳಿಯ ಮೀನನ್ನು ಬಿಟ್ಟಿರುವುದು ಸಚಿತ್ರವಾಗಿ ಕಂಡುಬಂದಿರುತ್ತದೆ’ ಎಂದು ಶುರುವಾಗಿತ್ತು. ಬೋರ್ಡಣ್ಣ ಅದನ್ನು ಹಿಡಿದು ಪಕ್ಕದ ಮನೆಯ ವಕೀಲರ ಬಳಿಗೆ ಓಡಿದ.

“ಬಿಟ್ಟೆ ಅಂತ ಮಾತ್ರ ಒಪ್ಕೋಬೇಡಿ” ಎಂದರು ವಕೀಲರು. “ಅದೇ ಹೋಯ್ತು ಅನ್ನಿ.”

“ಬಕೆಟ್ಟಿಂದ ಎದ್ದಾ ಸಾರ್?”

“ಗಾಳಿ ಸೇವನೆಗೆ ಕರ್ಕೊಂಡು ಬಂದಿದ್ದೆ, ಕೈ ಜಾರಿತು. ಫೋಟೋದಲ್ಲಿ ನಗ್ತಿದ್ದೀರಲ್ಲ, ಅದು ದುಃಖಕ್ಕೆ. ಕೆಲವರಿಗೆ ಹಾಗಾಗುತ್ತೆ. ಬೋರ್ಡು ಕಂಡೇ ಇಲ್ಲ ಅನ್ನಿ, ಅಷ್ಟೇ. ಮಿಕ್ಕಿದ್ದು ನನಗೆ ಬಿಡಿ.”

ಮರುದಿನ ಪುರಸಭೆ ಕಚೇರಿಯಲ್ಲಿ ವಿಚಾರಣೆ. ಬೋರ್ಡಣ್ಣ ಸೈಕಲನ್ನು ಎಂದಿನಂತೆ ನೀಲಿ ಬೋರ್ಡಿನ ಕೆಳಗೆ ಒರಗಿಸಿ, ಎರಡು ‘ಲ್ಲಿ’ಗಳಿಂದ ಧೈರ್ಯ ಪಡೆದು ಒಳಗೆ ಹೋದ. ಮೇಜಿನ ಒಂದು ಬದಿ ಮುಖ್ಯಾಧಿಕಾರಿ, ಇನ್ನೊಂದು ಬದಿ ಇನ್ಸ್‌ಪೆಕ್ಟರು, ನಡುವೆ ಪತ್ರಿಕೆ.

“ನಮ್ಮ ಕಕ್ಷಿದಾರರಿಗೆ ಆ ಬೋರ್ಡು ಕಣ್ಣಿಗೇ ಬಿದ್ದಿಲ್ಲ” ಎಂದರು ವಕೀಲರು.

“ಅದರ ತಲೆ ಮೇಲೆ ಕೈ ಇಟ್ಕೊಂಡಿದ್ದಾರೆ” ಎಂದರು ಇನ್ಸ್‌ಪೆಕ್ಟರು.

“ಆಸರೆಗೆ ಮೇಡಂ. ಅಂಥ ಚಿಕ್ಕ, ಅಸ್ಪಷ್ಟ, ಮಸಿ ಮಸಿಯಾದ ಬೋರ್ಡನ್ನ ಯಾರು ತಾನೇ…”

“ಮಸಿ ಮಸಿನಾ?” ಬೋರ್ಡಣ್ಣ ಎದ್ದು ನಿಂತ. “ಏನ್ ಸಾರ್ ಹೀಗಂತೀರಾ? ಎರಡು ಕೋಟು ಎನಾಮಲ್ಲು! ‘ಕ್ಷಾ’ ನೋಡಿದ್ರಾ? ‘ರ್ಹ’ ನೋಡಿದ್ರಾ? ಅದನ್ನ ಕೂರಿಸೋಕೆ ಅರ್ಧ ದಿನ ಹಿಡೀತು ನನಗೆ!”

ವಕೀಲರು ಫೈಲು ಮುಚ್ಚಿ ದಾರ ಕಟ್ಟಿದರು.

“ಬೋರ್ಡು ಬರೆದೋರು ನೀವಾ?” ಎಂದರು ಇನ್ಸ್‌ಪೆಕ್ಟರು.

“ಹೌದು ಮೇಡಂ.”

“ಅಂದ್ಮೇಲೆ ಓದಿದ್ದೀರಿ.”

“ಇಲ್ಲ ಮೇಡಂ, ಬರೆದಿದ್ದೀನಿ.”

ಇನ್ಸ್‌ಪೆಕ್ಟರಿಗೆ ಕೋಪ ಬರಬೇಕಿತ್ತು, ನಗು ಬಂತು. ನಗುವನ್ನು ಅವರು ಕರವಸ್ತ್ರದಲ್ಲಿ ಕಟ್ಟಿಹಾಕಿ, ಚೀಲದಿಂದ ಒಂದು ಗಾಜಿನ ಜಾಡಿ ತೆಗೆದು ಮೇಜಿನ ಮೇಲಿಟ್ಟರು. ಒಳಗೆ ಹೆಬ್ಬೆರಳಷ್ಟು ಮೀನು, ಮೈಮೇಲೆ ಮೂರು ಕಪ್ಪು ಪಟ್ಟೆ.

“ಪಟ್ಟೆಮೀನು. ನಮ್ಮ ಕೊಳ ಬಿಟ್ರೆ ಇನ್ನೊಂದೇ ಕಡೆ ಇದೆ. ಜಲ್ಲಿಯಲ್ಲಿ ಬಾಲದಿಂದ ಗುಣಿ ತೋಡಿ ಮೊಟ್ಟೆ ಇಡುತ್ತೆ. ಸೊಳ್ಳೆ ಮರಿ ತಿಂದು ನಿಮ್ಮನ್ನೆಲ್ಲ ಕಾಪಾಡ್ತಿರೋದು ಇದೇ. ಮೂರು ವಾರದ ಹಿಂದೆ ಹನ್ನೆರಡು ಗುಣಿ ಎಣಿಸಿದ್ದೆ. ನಿನ್ನೆ ನೋಡಿದ್ರೆ ಏಳು. ನಿಮ್ಮ ಮೀನು ದಿನವೆಲ್ಲ ಕೆಸರು ಕೆದಕುತ್ತೆ. ಕೆಸರು ಕೂತರೆ ಮೊಟ್ಟೆಗೆ ಉಸಿರಿಲ್ಲ. ಕೆಸರು ಮುಚ್ಚದ ಮೊಟ್ಟೆನ ಅದೇ ನುಂಗುತ್ತೆ.”

“ಅದಕ್ಕೆ ಗೊತ್ತಾಗಲ್ಲ ಮೇಡಂ. ಪಾಪ, ಅದು ಅಪರಾಧಿ ಅಲ್ಲ.”

“ಅದು ಅಲ್ಲ, ನೀವು.”

ಬೋರ್ಡಣ್ಣ ಜಾಡಿಯನ್ನು ಹತ್ತಿರದಿಂದ ನೋಡಿದ. ಮೂರು ಪಟ್ಟೆಗಳ ಅಂಚು ಎಷ್ಟು ಚೊಕ್ಕವಾಗಿತ್ತೆಂದರೆ, ಯಾವ ಬ್ರಷ್ಷಿಗೂ ಹಾಗೆ ಎಳೆಯಲು ಸಾಧ್ಯವಿರಲಿಲ್ಲ. “ಛೆ” ಎಂದ. ಆ ‘ಛೆ’ ಮನಸ್ಸಿನಿಂದ ಬಂದಿತ್ತು.

ಮುಖ್ಯಾಧಿಕಾರಿ ತೀರ್ಮಾನ ಹೇಳಿದರು. ಹತ್ತು ದಿನದಲ್ಲಿ ಮೊಟ್ಟೆ ಒಡೆಯುವ ಕಾಲ. ಅಷ್ಟರೊಳಗೆ ಆ ಮೀನು ಜೀವಂತವಾಗಿ ಕೊಳದಿಂದ ಹೊರಗೆ ಬರಬೇಕು. ಬಂದರೆ ಎಚ್ಚರಿಕೆ ಕೊಟ್ಟು ಬಿಡಲಾಗುವುದು. ಬಾರದಿದ್ದರೆ ಕೇಸು, ಮತ್ತು ಪುರಸಭೆಯ ಒಂದೇ ಒಂದು ಬೋರ್ಡೂ ಇನ್ನು ಅವನ ಕೈಗೆ ಸಿಗದು. ಹೊಸ ಕಟ್ಟಡದ ನಲವತ್ತು ಅಡಿಯ ಹೆಸರಿನ ಬೋರ್ಡೂ ಸಿಗದು. ಆ ಬೋರ್ಡಿಗಾಗಿ ಬೋರ್ಡಣ್ಣ ಎರಡು ವರ್ಷದಿಂದ ಕನಸಿನಲ್ಲಿ ಏಣಿ ಹತ್ತುತ್ತಿದ್ದ. “ಮತ್ತೆ ಕೊಳದ ಆ ಬೋರ್ಡನ್ನ ಇನ್ನೂ ದೊಡ್ಡದಾಗಿ ಬರೆದು ಕೊಡಿ. ಜನ ಓದೋ ಹಾಗೆ” ಎಂದರು ಇನ್ಸ್‌ಪೆಕ್ಟರು. “ಬಲೆ ಹಾಕಿ ಎಳೆಯೋ ಹಾಗಿಲ್ಲ, ಗುಣಿ ಹಾಳಾಗುತ್ತೆ. ನೀರು ಖಾಲಿ ಮಾಡೋ ಹಾಗಿಲ್ಲ. ಮದ್ದು ಹಾಕೋ ಹಾಗಿಲ್ಲ.”

“ಮತ್ತೆ ಹೇಗೆ ಹಿಡೀಲಿ ಮೇಡಂ?”

“ಬಿಡೋವಾಗ ನನ್ನ ಕೇಳಿದ್ರಾ?”

ಊರಿಗೆ ಊರೇ ಸಲಹೆ ಕೊಡಲು ನಿಂತಿತು. ಗಾಳದ ಸಂಘದವರು ಮೂರು ಜನ ಟೋಪಿ ಹಾಕಿಕೊಂಡು ಬಂದು, ಮುಳ್ಳಿಲ್ಲದ ಗಾಳಕ್ಕೆ ಹಿಟ್ಟು ಕಟ್ಟಿ ನಾಲ್ಕು ದಿನ ಕೂತರು. ಸಿಕ್ಕಿದ್ದು ಒಂದು ಎಡಗಾಲಿನ ಚಪ್ಪಲಿ. ಮೇಷ್ಟ್ರು ಅದನ್ನು ನೋಡಿ, “ಹೋದ ವರ್ಷದ್ದು, ನನ್ನದೇ” ಎಂದು ಒದ್ದೆಯಾಗಿಯೇ ಮೆಟ್ಟಿಕೊಂಡು ಹೋದರು. ವಕೀಲರು ಪಶ್ಚಾತ್ತಾಪಕ್ಕೋ ಕುತೂಹಲಕ್ಕೋ ಪ್ಯಾಂಟು ಮಡಚಿ, ಕೈಯಲ್ಲಿ ಬುಟ್ಟಿ ಹಿಡಿದು ಕೊನೆಯ ಮೆಟ್ಟಿಲಿಳಿದರು. ಅದರ ಕೆಳಗೆ ಇನ್ನೊಂದು ಮೆಟ್ಟಿಲು ಇರಲಿಲ್ಲ. ಮನೆಅಳಿಯ ಮಾತ್ರ ದಿನಕ್ಕೊಮ್ಮೆ ಕೊಳದ ನಡುವೆ ಮೇಲೆ ಬಂದು, ಎಲ್ಲರ ಹಾಜರಿ ತೆಗೆದುಕೊಂಡು ಮುಳುಗುತ್ತಿದ್ದ. ಗುಣಿ ಏಳಿದ್ದದ್ದು ಆರಾಯಿತು, ಐದಾಯಿತು. ಇನ್ಸ್‌ಪೆಕ್ಟರು ದಿನಾ ಎಣಿಸಿ ಬರೆದುಕೊಳ್ಳುತ್ತಿದ್ದರು, ಬೋರ್ಡಣ್ಣ ಅವರ ಪೆನ್ನಿನ ಕಡೆ ನೋಡುತ್ತಿದ್ದ.

“ಹೋಗಿ ಕರೀರಿ” ಎಂದಳು ಹೆಂಡತಿ ಒಂಬತ್ತನೆಯ ದಿನ. “ಎರಡು ವರ್ಷ ಸಾಕಿದ್ದೀರಿ.”

“ಏನಂತ ಕರೀಲಿ? ಅಳಿಯಂದ್ರೇ, ದಯಮಾಡಿಸಿ ಅಂತಲಾ?”

ಹತ್ತನೆಯ ದಿನ ಬೆಳಿಗ್ಗೆ ಅವನು ಆಸೆ ಬಿಟ್ಟಿದ್ದ. ಮೀನಂತೂ ಸಿಗಲಿಲ್ಲ, ಬೋರ್ಡನ್ನಾದರೂ ಬರೆದು ಮುಗಿಸೋಣವೆಂದು ಬಣ್ಣದ ಡಬ್ಬ, ಎರಡಾಳುದ್ದದ ತಗಡು ಹೊತ್ತು ಕೊಳದ ಮೆಟ್ಟಿಲಿಗೆ ಹೋದ. ಹೆಂಡತಿ ಹೇಗೂ ಕೊನೆಯ ದಿನವೆಂದು ಟಬ್ಬು ತಂದಳು, ಜತೆಗೆ ಒಂದು ಷರತ್ತನ್ನೂ ತಂದಳು.

“ಒಂದೊಂದು ಪದ ಬರೆದಾಗಲೂ ಬಾಯಿಬಿಟ್ಟು ಓದ್ಬೇಕು. ನನಗೆ ಕೇಳಿಸೋ ಹಾಗೆ.”

“ನಾನೇನು ಒಂದನೇ ಕ್ಲಾಸಾ?”

“ಒಂದನೇ ಕ್ಲಾಸಿನ ಮಕ್ಕಳು ಓದ್ತಾರೆ. ಶುರು ಮಾಡಿ.”

ಜನ ಸುತ್ತ ನೆರೆದಿದ್ದರು. ಸೋಲುವವನನ್ನು ನೋಡಲು ಬಿಡುವು ಮಾಡಿಕೊಳ್ಳದ ಊರು ಯಾವುದಿದೆ? ಬೋರ್ಡಣ್ಣ “ಈ ಕೊಳಕ್ಕೆ” ಎಂದು ಬರೆದು ಓದಿದ. “ಹೊರಗಿನ” ಎಂದು ಬರೆದು ಓದಿದ. ಓದುತ್ತಾ ಓದುತ್ತಾ ಅವನ ದನಿ ಸಣ್ಣದಾಯಿತು. “ಅಪರಾಧ” ಎಂಬಲ್ಲಿಗೆ ಬರುವ ಹೊತ್ತಿಗೆ ಅದು ಪಕ್ಕದಲ್ಲಿ ಕೂತ ಹೆಂಡತಿಗೂ ಕಷ್ಟಪಟ್ಟು ಕೇಳಿಸಿತು. ಕೊನೆಯ ಚುಕ್ಕೆ ಇಟ್ಟ. ಬ್ರಷ್ಷನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಚಿಂದಿಯಲ್ಲಿ ಒರೆಸಿ, ಇಪ್ಪತ್ತೆರಡು ವರ್ಷದ ಅಭ್ಯಾಸದಂತೆ ಡಬ್ಬದ ಅಂಚಿಗೆ ಬಡಿದ.

ಟಕ್. ಟಕ್. ಟಕ್.

ಕೊಳದ ನಡುವೆ ನೀರು ಉಬ್ಬಿತು.

ಹೆಂಡತಿ ಅವನ ಮೊಣಕೈ ಹಿಡಿದಳು. “ಇನ್ನೊಂದ್ಸಲ ಬಡೀರಿ.”

ಟಕ್. ಟಕ್. ಟಕ್.

ನೀರಿನ ಮೇಲೆ ಒಂದು ಗೆರೆ ಎದ್ದು, ನೇರ ಮೆಟ್ಟಿಲ ಕಡೆಗೆ ಬರತೊಡಗಿತು. ಅದರ ತುದಿಯಲ್ಲಿ ಕೆಂಪು ಮಚ್ಚೆ, ಮಚ್ಚೆಯ ಮುಂದೆ ತೆರೆದ ಬಾಯಿ.

“ಬಂಧುಗಳೇ!” ಎಂದು ಕೂಗಿದರು ಮೇಷ್ಟ್ರು.

ಗೆರೆ ಗಕ್ಕನೆ ನಿಂತು ಹಿಂದಕ್ಕೆ ಹೊರಳಿತು.

“ಮೇಷ್ಟ್ರೇ” ಎಂದಳು ಬೋರ್ಡಣ್ಣನ ಹೆಂಡತಿ, ತಿರುಗಿಯೂ ನೋಡದೆ, “ಇನ್ನೊಂದು ಮಾತಾಡಿದ್ರೆ ಆ ಚಪ್ಪಲಿ ಎಲ್ಲಿತ್ತೋ ಅಲ್ಲಿಗೇ ಹೋಗುತ್ತೆ, ನೀವು ಅದರೊಳಗೇ ಇರ್ತೀರಿ.”

ಮೂವತ್ತೈದು ವರ್ಷದ ಸೇವೆಯಲ್ಲಿ ಮೇಷ್ಟ್ರು ತಮ್ಮ ಶಾಲೆಯಲ್ಲಿ ತರಲಾಗದ ನಿಶ್ಶಬ್ದ ಆಗ ಕೊಳದ ಸುತ್ತ ನೆಲೆಸಿತು. ವಕೀಲರು ಸೀನು ಬಂದು ಮೂಗು ಹಿಡಿದುಕೊಂಡರು, ಕಣ್ಣೀರು ಸುರಿದರೂ ಬಿಡಲಿಲ್ಲ. ಹೆಂಡತಿ ಟಬ್ಬನ್ನು ಎರಡನೆಯ ಮೆಟ್ಟಿಲ ಮೇಲೆ ನೀರೊಳಗೆ ಅಡ್ಡ ಮಲಗಿಸಿದಳು. ಬೋರ್ಡಣ್ಣ ಡಬ್ಬವನ್ನು ಅದರ ಹಿಂದೆ ಹಿಡಿದ. ಟಕ್, ಟಕ್, ಟಕ್. ಗೆರೆ ಮತ್ತೆ ಎದ್ದಿತು. ಬಂತು. ಟಬ್ಬಿನ ಬಾಯಲ್ಲಿ ನಿಂತು ಒಮ್ಮೆ ಯೋಚಿಸಿತು. ಮನೆಅಳಿಯ ತನ್ನ ಹಳೆಯ ಮನೆಯ ಅಂಚನ್ನು ಮೂತಿಯಿಂದ ಮುಟ್ಟಿ ನೋಡಿ, ಪ್ರವಾಸ ಮುಗಿಸಿ ಬಂದವನ ಗತ್ತಿನಲ್ಲಿ ಸರಸರನೆ ಒಳಗೆ ಹೋದ.

“ಎತ್ತಿ!” ಎಂದರು ಇನ್ಸ್‌ಪೆಕ್ಟರು. ಅವರು ಯಾವಾಗ ಬೂಟಿನ ಮೇಲಿನವರೆಗೆ ನೀರಿಗಿಳಿದಿದ್ದರೋ ಯಾರೂ ನೋಡಿರಲಿಲ್ಲ. ಮೂವರೂ ಸೇರಿ ಟಬ್ಬು ಎತ್ತಿ ನೆಟ್ಟಗೆ ನಿಲ್ಲಿಸಿದರು. ಆಗ ವಕೀಲರು ಸೀನಿದರು. ಅದನ್ನೇ ಸೂಚನೆ ಎಂದು ತಿಳಿದು ಊರು ಚಪ್ಪಾಳೆ ಹೊಡೆಯಿತು. ಹೋದ ಸಲದ ಚಪ್ಪಾಳೆ ಇದರ ಮುಂದೆ ಏನೇನೂ ಅಲ್ಲ. ಗಾಳದ ಸಂಘದವರು ಮೂವರೂ ಒಟ್ಟಿಗೆ ಟೋಪಿ ತೆಗೆದರು.

ಇನ್ಸ್‌ಪೆಕ್ಟರು ಮೆಟ್ಟಿಲ ಮೇಲೆ ಕೂತು ವರದಿ ಬರೆದರು: ‘ಸದರಿ ಮೀನನ್ನು ಡಬ್ಬಕ್ಕೆ ಬ್ರಷ್ಷು ಬಡಿಯುವ ವಿಧಾನದಿಂದ ಹಿಡಿಯಲಾಗಿರುತ್ತದೆ. ಗುಣಿಗಳು ಐದು. ಮೂರರಲ್ಲಿ ಮರಿಗಳು ಹೊರಬಂದಿರುತ್ತವೆ.’ ಕೊನೆಯ ವಾಕ್ಯವನ್ನು ಬೋರ್ಡಣ್ಣನಿಗೆ ತೋರಿಸಿದರು. ಅವನು ಒತ್ತು, ದೀರ್ಘ ಏನನ್ನೂ ನೋಡದೆ ನೇರ ಓದಿಬಿಟ್ಟ. ಆಮೇಲೆ ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡ.

ಮನೆಅಳಿಯನಿಗೆ ಹಳೆಯ ಕಚೇರಿಯ ಪಕ್ಕದಲ್ಲೇ ಎದ್ದಿದ್ದ ಪುರಸಭೆಯ ಹೊಸ ಕಟ್ಟಡದ ಹಜಾರದಲ್ಲಿ ಆಳೆತ್ತರದ ಗಾಜಿನ ತೊಟ್ಟಿ ಸಿಕ್ಕಿತು. ಹದಿನೇಳು ಕರುಣಾಳುಗಳ ಮೀನುಗಳೂ ಅಲ್ಲೇ ಸೇರಿದವು. ಪಕ್ಕದ ಸಣ್ಣ ತೊಟ್ಟಿ ಆಮೆಯದು. ಉದ್ಘಾಟನೆಯ ಭಾಷಣದಲ್ಲಿ ಮೇಷ್ಟ್ರು ಬ್ರಷ್ಷಿನ ಉಪಾಯ ತಮ್ಮದೇ ಎಂದು ಹೇಳಲು ಬಾಯಿ ತೆರೆದು, ಎರಡನೆಯ ಸಾಲಿನಲ್ಲಿ ಕೂತಿದ್ದ ಬೋರ್ಡಣ್ಣನ ಹೆಂಡತಿಯನ್ನು ನೋಡಿ, ಹವಾಮಾನದ ಬಗ್ಗೆ ಮಾತಾಡಿ ಮುಗಿಸಿದರು. ಮುಖ್ಯಾಧಿಕಾರಿ ನಲವತ್ತು ಅಡಿಯ ಬೋರ್ಡಿನ ಆದೇಶವನ್ನು ಎಲ್ಲರ ಎದುರಿಗೇ ಕೊಟ್ಟರು. ಬೋರ್ಡಣ್ಣ ಅದನ್ನು ಜೇಬಿಗಿಳಿಸುವ ಮೊದಲು ಅಕ್ಷರ ಅಕ್ಷರ ಓದಿ, “ಇದರಲ್ಲಿ ಶಿಕ್ಷೆ ಏನೂ ಇಲ್ಲ ತಾನೇ ಸಾರ್?” ಎಂದು ಕೇಳಿದ. ಸಭೆ ಬಿದ್ದು ಬಿದ್ದು ನಕ್ಕಿತು. ಅವನು ತಮಾಷೆಗೆ ಕೇಳಿರಲಿಲ್ಲ.

ಎದೆಯುಬ್ಬಿಸಿ ಹೊರಗೆ ಬಂದ. ಹೆಂಡತಿ ಪಕ್ಕದಲ್ಲಿ, ಹಿಂದೆ ಅರ್ಧ ಊರು, ಇನ್ಸ್‌ಪೆಕ್ಟರು, ಮುಖ್ಯಾಧಿಕಾರಿ. ಸೈಕಲ್ಲಿನ ಹಿಡಿಗೆ ಕೈ ಹಾಕಿದವನು ಅಭ್ಯಾಸದಂತೆ ನೀಲಿ ಬೋರ್ಡಿನ ಕಡೆ ತಲೆ ಎತ್ತಿದ. ಎರಡು ‘ಲ್ಲಿ’ಗಳು ಎಂದಿನಂತೆ ಹೊಳೆಯುತ್ತಿದ್ದವು. ಆದರೆ ಹೊಸ ಚಟ ಅಂಟಿಕೊಂಡ ಕಣ್ಣು ಅಷ್ಟಕ್ಕೆ ನಿಲ್ಲದೆ, ಅದನ್ನು ಬರೆದ ಒಂಬತ್ತು ವರ್ಷದಲ್ಲಿ ಮೊದಲ ಸಲ, ಇಡೀ ಸಾಲನ್ನು ಓದಿಬಿಟ್ಟಿತು.

‘ಇಲ್ಲಿ ಸೈಕಲ್ ನಿಲ್ಲಿಸಬಾರದು. ಮೀರಿದವರಿಗೆ ದಂಡ.’

ಬೋರ್ಡಣ್ಣ ಒಂದು ಕ್ಷಣ ಅಲ್ಲೇ ನಿಂತ. ಆಮೇಲೆ ಹೆಂಡತಿಯ ಕಡೆ ವಾಲಿ, “ಲೇ, ಹಿಂದೆ ತಿರುಗ್ಬೇಡ. ಬೋರ್ಡಿಗೆ ಅಡ್ಡ ನಿಂತ್ಕೋ” ಎಂದು ಪಿಸುಗುಟ್ಟಿ, ಜನಕ್ಕೆಲ್ಲ ಕೈಬೀಸುತ್ತ, ಸೈಕಲನ್ನು ಸದ್ದಾಗದ ಹಾಗೆ ಎತ್ತಿಕೊಂಡು ಗೆದ್ದವನ ನಡಿಗೆಯಲ್ಲಿ ಬೀದಿಗಿಳಿದ.

“ಹತ್ಕೊಂಡು ಹೋಗೋದು ಬಿಟ್ಟು ಯಾಕೆ ಹೊತ್ಕೊಂಡು ಹೋಗ್ತಿದ್ದಾನೆ?” ಎಂದರು ಮುಖ್ಯಾಧಿಕಾರಿ.

“ಕಲಾವಿದರು ಸಾರ್” ಎಂದರು ಮೇಷ್ಟ್ರು. ಅವರೂ ಆ ಬೋರ್ಡನ್ನು ಓದಿರಲಿಲ್ಲ.